ಜೀಪಿನ ಎರಡನೇ ನ್ಯೂಟ್ರಲ್

ಹಳೇ ವಿಲ್ಲಿಸ್ ಜೀಪಿನ ಡ್ರೈವರ್ ಸೀಟಿನಲ್ಲಿ ಕೂತರೆ ಪಕ್ಕದಲ್ಲಿ ಮೂರು ರಾಡುಗಳು ಕಾಣ್ತವೆ. ಉದ್ದದ್ದು ಮಾಮೂಲಿ ಗೇರ್ ರಾಡು. ಅದರ ಬಗಲಿಗೆ ಎರಡು ಗಿಡ್ಡ ರಾಡು. ಒಂದು, ಎಂಜಿನ್ನಿನ ಶಕ್ತಿಯನ್ನ ಮುಂದಿನ ಗಾಲಿಗಳಿಗೂ ಹಂಚೋದಕ್ಕೆ. ಇನ್ನೊಂದು, ಹೈ ಮತ್ತು ಲೋ ಬದಲಾಯಿಸೋದಕ್ಕೆ. ಈ ಹೈಗೂ ಲೋಗೂ ನಡುವೆ ಒಂದು ಜಾಗ ಇದೆ, ಅಲ್ಲಿ ರಾಡು ನಿಂತರೆ ಗೇರ್ ಯಾವುದೇ ಇದ್ದರೂ ಗಾಡಿ ಕದಲೋದಿಲ್ಲ. ಇದೂ ನ್ಯೂಟ್ರಲ್ಲೇ. ಆದರೆ ನಾವು ಬಲ್ಲ ಗೇರ್‌ಬಾಕ್ಸಿನ ನ್ಯೂಟ್ರಲ್ ಅಲ್ಲ, ಅದರ ಹಿಂದಿರೋ ಟ್ರಾನ್ಸ್‌ಫರ್ ಕೇಸ್ ಅನ್ನೋ ಇನ್ನೊಂದು ಡಬ್ಬಿಯ ನ್ಯೂಟ್ರಲ್. ಈ ಎರಡನೇ ನ್ಯೂಟ್ರಲ್ ಒಂದರ ಕಥೆ ಹೇಳೋಣ ಅಂತ ಕೂತಿದೀನಿ. 1940ರಲ್ಲಿ ಶುರುವಾಗಿ 2013ರಲ್ಲಿ ಲಕ್ಷಾಂತರ ಗಾಡಿಗಳನ್ನ ವಾಪಸ್ ವರ್ಕ್‌ಶಾಪಿಗೆ ಕರೆಸಿದ ಕಥೆ ಇದು.

ನಾಲ್ಕೂ ಗಾಲಿಗೆ ಶಕ್ತಿ ಕೊಡೋ ಯೋಚನೆ ಜೀಪಿಗಿಂತ ಹಳೇದು. 1903ರಲ್ಲೇ ಹಾಲೆಂಡಿನ ಸ್ಪೈಕರ್ ಸಹೋದರರು ಆರು ಸಿಲಿಂಡರಿನ, ನಾಲ್ಕೂ ಗಾಲಿ ತಿರುಗಿಸೋ ರೇಸ್ ಕಾರು ಮಾಡಿದ್ರು. ಅಮೆರಿಕದ ವಿಸ್ಕಾನ್ಸಿನ್‌ನ ಕ್ಲಿಂಟನ್‌ವಿಲ್ ಅನ್ನೋ ಸಣ್ಣ ಊರಲ್ಲಿ ಓಟ್ಟೋ ಝಾಖೋ ಮತ್ತು ವಿಲಿಯಂ ಬೆಸರ್‌ಡಿಕ್ ಅನ್ನೋ ಭಾವ-ಮೈದುನರು ತಮ್ಮ ಕುಲುಮೆ ಕೆಲಸದ ಅಂಗಡಿಯಲ್ಲೇ ಇದರ ದೊಡ್ಡ ತೊಡಕನ್ನ ಬಿಡಿಸಿದ್ರು. ತೊಡಕು ಏನಪ್ಪಾ ಅಂದ್ರೆ, ಮುಂದಿನ ಗಾಲಿ ಎರಡು ಕೆಲಸ ಮಾಡಬೇಕು: ತನ್ನ ಅಕ್ಷದ ಮೇಲೆ ಉರುಳಬೇಕು, ಸ್ಟೇರಿಂಗ್ ತಿರುಗಿಸಿದ ಕಡೆಗೂ ಹೊರಳಬೇಕು. ಹೊರಳೋ ಗಾಲಿಗೆ ಶಕ್ತಿ ತಲುಪಿಸೋದು ಹೇಗೆ? ಝಾಖೋ ಒಂದು ಗುಂಡಿನೊಳಗೆ ಕೂರೋ ಜಾಯಿಂಟ್ ಮಾಡಿ ಅದನ್ನ ಸಾಧಿಸಿದ. ಆ ಊರಲ್ಲಿ ತಯಾರಾದ ಲಾರಿಗಳು ಮೊದಲ ಮಹಾಯುದ್ಧದ ಕೆಸರಲ್ಲಿ ಸಾಮಾನು ಹೊತ್ತವು. ಊರಿನ ಕಮ್ಮಾರಸಾಲೆಯಿಂದ ಬಂದ ಎಂಜಿನಿಯರಿಂಗ್ ಅನ್ನೋ ಕಾರಣಕ್ಕೋ ಏನೋ, ಈ ಇಬ್ಬರ ಮೇಲೆ ನನಗೆ ಸ್ವಲ್ಪ ಜಾಸ್ತಿನೇ ಪ್ರೀತಿ.

ಇನ್ನು ಜೀಪು. 1940ರ ಬೇಸಿಗೆ, ಫ್ರಾನ್ಸ್ ಬಿದ್ದಿದೆ, ಅಮೆರಿಕದ ಸೈನ್ಯಕ್ಕೆ ಹಗುರವಾದ, ಎಲ್ಲಿ ಬೇಕಾದ್ರೂ ನುಗ್ಗೋ ಗಾಡಿ ಅರ್ಜೆಂಟಾಗಿ ಬೇಕು. 135 ಕಂಪನಿಗಳಿಗೆ ಕಾಗದ ಹೋಯ್ತು. ಮುಂದೆ ಬಂದದ್ದು ಎರಡೇ: ಬ್ಯಾಂಟಮ್ ಮತ್ತು ವಿಲ್ಲಿಸ್. ಮೊದಲ ಮಾದರಿ ಗಾಡಿಯನ್ನ 49 ದಿನದಲ್ಲಿ ತಂದು ನಿಲ್ಲಿಸಬೇಕು ಅನ್ನೋದು ಷರತ್ತು. ಇವತ್ತು ನಮ್ಮ ಆಫೀಸಿನಲ್ಲಿ 49 ದಿನದಲ್ಲಿ ಮೀಟಿಂಗುಗಳೇ ಮುಗಿಯೋದಿಲ್ಲ ಬಿಡಿ. ಬ್ಯಾಂಟಮ್ ಆಗಲೇ ಹೆಚ್ಚು ಕಡಿಮೆ ದಿವಾಳಿಯಾಗಿದ್ದ ಕಂಪನಿ. ಅವರು ಡೆಟ್ರಾಯಿಟ್‌ನ ಕಾರ್ಲ್ ಪ್ರೋಬ್ಸ್ಟ್ ಅನ್ನೋ ಎಂಜಿನಿಯರನ್ನ ಕರೆಸಿದ್ರು. ಆತ ಕೆಲವೇ ದಿನಗಳಲ್ಲಿ ಇಡೀ ಗಾಡಿಯ ನಕ್ಷೆ ಬರೆದು ಕೊಟ್ಟ. 1940ರ ಸೆಪ್ಟೆಂಬರ್ 23ರಂದು, ಗಡುವು ಮುಗಿಯೋದಕ್ಕೆ ಅರ್ಧ ಗಂಟೆ ಇರುವಾಗ, ಗಾಡಿ ಬಾಲ್ಟಿಮೋರಿನ ಹೋಲಾಬರ್ಡ್ ಸೇನಾ ಕ್ಯಾಂಪಿನ ಗೇಟು ದಾಟಿತು.

ಆಮೇಲಿನದ್ದು ಅನ್ಯಾಯದ ಕಥೆ. ಬ್ಯಾಂಟಮ್ಮಿನ ನಕ್ಷೆಯನ್ನ ಸೈನ್ಯ ವಿಲ್ಲಿಸ್‌ಗೂ ಫೋರ್ಡ್‌ಗೂ ಕೊಟ್ಟಿತು. ಯುದ್ಧ ಮುಗಿಯೋ ಹೊತ್ತಿಗೆ ಈ ಎರಡು ಕಂಪನಿಗಳು ಸೇರಿ 6 ಲಕ್ಷಕ್ಕೂ ಮೀರಿ ಜೀಪು ಮಾಡಿದ್ವು; ಬ್ಯಾಂಟಮ್ ಮಾಡಿದ್ದು ಸುಮಾರು 2,700. ಹೆತ್ತವಳಿಗೆ ಸಿಕ್ಕಿದ್ದು ಜೀಪಿನ ಹಿಂದೆ ಎಳೆಯೋ ಟ್ರೇಲರ್ ಮಾಡೋ ಕೆಲಸ.

ಆ ಎರಡು ಗಿಡ್ಡ ರಾಡುಗಳು ಯಾಕೆ ಬೇಕಿತ್ತು ಅನ್ನೋದನ್ನ ಇಲ್ಲಿ ಹೇಳಬೇಕು. ಇಸ್ಕೂಲಲ್ಲಿ ಆಗಸ್ಟ್ 15ಕ್ಕೆ ಮಾರ್ಚ್‌ಪಾಸ್ಟ್ ಮಾಡಿದವರಿಗೆ ನೆನಪಿರುತ್ತೆ: ಸಾಲು ತಿರುಗುವಾಗ ಒಳಗಿನ ಹುಡುಗ ನಿಂತಲ್ಲೇ ಕಾಲು ಕುಟ್ಟಬೇಕು, ಹೊರಗಿನವನು ಓಡೋಡಿ ಬರಬೇಕು. ಗಾಡಿ ತಿರುವಿನಲ್ಲಿ ಹೊರಳುವಾಗ ನಾಲ್ಕು ಗಾಲಿಗಳು ನಾಲ್ಕು ಬೇರೆ ಬೇರೆ ದೂರ ಕ್ರಮಿಸ್ತವೆ. ಎಡ-ಬಲದ ವ್ಯತ್ಯಾಸವನ್ನ ಡಿಫರೆನ್ಷಿಯಲ್ ನೋಡಿಕೊಳ್ಳುತ್ತೆ. ಮುಂದೆ-ಹಿಂದಿನ ವ್ಯತ್ಯಾಸ? ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಅದಕ್ಕೆ ಏರ್ಪಾಡಿಲ್ಲ. ಫೋರ್ ವೀಲ್ ಹಾಕಿದ್ರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ಸಮ ತಿರುಗಬೇಕು. ಕೆಸರಲ್ಲಿ ಗಾಲಿ ಒಂದಿಷ್ಟು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತೆ. ಡಾಂಬರಿನ ಮೇಲೆ ಜಾರೋದಕ್ಕೆ ಆಗಲ್ಲ; ಆ ಹಟವೆಲ್ಲ ಶಾಫ್ಟುಗಳಲ್ಲಿ ಮುರುವಿದ ಹಗ್ಗದ ಹಾಗೆ ಕೂಡಿಕೊಂಡು ಸ್ಟೇರಿಂಗ್ ಬಿಗಿಯಾಗುತ್ತೆ, ಟೈರು ಕಿರುಗುಟ್ಟುತ್ತೆ, ರಾಡು ಹಿಡಿದು ಜಗ್ಗಿದ್ರೂ ಬಿಡಿಸಿಕೊಳ್ಳೋದಿಲ್ಲ. ಆಗ ಸ್ವಲ್ಪ ರಿವರ್ಸ್ ಹೋದ್ರೆ ಮುರುವು ಬಿಚ್ಚಿಕೊಂಡು ರಾಡು ಕಳಚಿ ಬರುತ್ತೆ. ಮಲೆನಾಡಿನ ಜೀಪ್ ಡ್ರೈವರುಗಳಿಗೆ ಇದನ್ನ ಯಾವ ಮ್ಯಾನ್ಯುಯಲ್ಲೂ ಹೇಳಿಕೊಟ್ಟಿಲ್ಲ. ಘಾಟಿ ಹತ್ತಿ ಡಾಂಬರು ಸಿಕ್ಕ ಕೂಡ್ಲೆ ಕೈ ತಾನಾಗೇ ಫೋರ್ ವೀಲ್ ತೆಗೆಯುತ್ತೆ.

ಇನ್ನು ಆ ನಡುವಿನ ನ್ಯೂಟ್ರಲ್. ಯುದ್ಧ ಮುಗಿದ ಮೇಲೆ ವಿಲ್ಲಿಸ್ 1945ರಲ್ಲಿ ಜೀಪನ್ನ ರೈತರಿಗೆ ಮಾರೋಕೆ ಹೊರಟಿತು. ಹಿಂದುಗಡೆ ಶಾಫ್ಟು ಹಾಕಿ ಅದರಿಂದ ಗರಗಸ, ಪಂಪು, ಒಕ್ಕಣೆ ಯಂತ್ರ ಓಡಿಸಬಹುದು ಅನ್ನೋದು ಜಾಹೀರಾತು. ಗಾಡಿ ನಿಂತಲ್ಲೇ ಇರಬೇಕು, ಎಂಜಿನ್ನಿನ ಶಕ್ತಿ ಮಾತ್ರ ಯಂತ್ರಕ್ಕೆ ಹೋಗಬೇಕು. ಹಾಗಾಗಿ ಗಾಲಿಗಳಿಂದ ಎಂಜಿನ್ನನ್ನ ಪೂರ್ತಿ ಕಳಚೋ ಜಾಗ ಬೇಕೇ ಬೇಕಿತ್ತು.

ಅದೇ 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಬೊಂಬಾಯಿಯ ಮಝಗಾಂವ್‌ನಲ್ಲಿ ಜೋಡಿಸೋಕೆ ಶುರುಮಾಡಿದ್ರು. ಅಮೆರಿಕದಲ್ಲಿ ಸಿಜೆ-3ಬಿ ಅನ್ನೋ ಎತ್ತರದ ಬಾನೆಟ್ಟಿನ ಮಾದರಿ 1968ಕ್ಕೆ ನಿಂತುಹೋದರೂ ಇಲ್ಲಿ ಅದೇ ಅಚ್ಚಿನ ಜೀಪು ದಶಕಗಟ್ಟಲೆ ಬಂತು. ನಮ್ಮ ಕಡೆ, ಅಂದ್ರೆ ಮೂಡಿಗೆರೆ, ಸಕಲೇಶಪುರ, ಕೊಡಗಿನ ತೋಟದ ದಾರಿಗಳಲ್ಲಿ ಗೊಬ್ಬರ, ಕಾಫಿ ಚೀಲ, ಹೆರಿಗೆ ನೋವಿನ ಹೆಂಗಸರು, ಮದುವೆ ದಿಬ್ಬಣ ಎಲ್ಲಾನೂ ಹೊತ್ತಿದ್ದು ಇವೇ. ನಮ್ಮ ದೊಡ್ಡಪ್ಪನ ಹತ್ರಾನೂ ಒಂದಿತ್ತು. ಇಳಿಜಾರಲ್ಲಿ ನಿಲ್ಲಿಸಿದ್ರೆ ಗೇರಲ್ಲಿ ಬಿಡೋದು, ಹ್ಯಾಂಡ್ ಬ್ರೇಕ್ ಎಳೆಯೋದು, ಆಮೇಲೂ ಹಿಂದೆ ಕೂತಿದ್ದ ನಮಗೆ "ಏ ಮಾರಾಯ, ಇಳ್ದು ಗಾಲಿಗೊಂದು ಕಲ್ ಕೊಡು" ಅನ್ನೋದು. ಮೂರು ಕಾವಲು.

ಈ ಹ್ಯಾಂಡ್ ಬ್ರೇಕ್ ವಿಚಾರ ಸ್ವಲ್ಪ ಗಮನಿಸಿ. ವಿಲ್ಲಿಸ್ ವಿನ್ಯಾಸದಲ್ಲಿ ಅದು ಗಾಲಿಯ ಹತ್ತಿರ ಇರಲಿಲ್ಲ. ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೊರಡೋ ಶಾಫ್ಟಿನ ಬುಡಕ್ಕೆ ಒಂದು ಡ್ರಮ್ಮು, ಅದನ್ನ ಹಿಡಿಯೋ ಬ್ರೇಕು. ಅಂದ್ರೆ ಎರಡನೇ ನ್ಯೂಟ್ರಲ್ಲಿಗಿಂತ ಆಚೆ, ಗಾಲಿಗಳ ಕಡೆಗೆ. ಒಳಗಿನ ರಾಡು ಎಲ್ಲಿಗೇ ಜಾರಿರಲಿ, ಆ ಬ್ರೇಕು ಗಾಡಿಯನ್ನ ಹಿಡಿದಿರುತ್ತೆ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ನಡುವೆ ಜೀಪು ಸಾಹುಕಾರರ ಗಾಡಿಯಾಗ್ತಾ ಹೋಯ್ತು. 1970ರ ರೇಂಜ್ ರೋವರ್ ಮುಂದೆ-ಹಿಂದಿನ ನಡುವೆಯೂ ಒಂದು ಡಿಫರೆನ್ಷಿಯಲ್ ಇಟ್ಟು ಸದಾ ನಾಲ್ಕು ಗಾಲಿಯಲ್ಲಿ ಓಡೋ ಹಾಗೆ ಮಾಡಿತು. 1980ರಲ್ಲಿ ಆಡಿ ಕ್ವಾಟ್ರೋ ಅದನ್ನ ರೇಸ್ ಕಾರಿಗೆ ತಂದಿತು. ಅಮೆರಿಕದಲ್ಲಿ ಮಾತ್ರ ಬೇರೆ ಬೇಡಿಕೆ: ಆಫೀಸಿಗೆ ಹೋಗೋ ಬಟ್ಟೆಯಲ್ಲಿ ರಾಡು ಜಗ್ಗೋದು ಬೇಡ, ಬಟನ್ ಇರಲಿ.

ಬಟನ್ ಬಂತು, ಅದರ ಜೊತೆ ಹೊಸ ಜಾತಿಯ ಕಾಯಿಲೆಗಳೂ ಬಂದ್ವು. 1983ರ ಮಾಡೆಲ್ಲಿನ ಶೆವ್ರೊಲೆ ಎಸ್-10 ಬ್ಲೇಜರ್‌ನಲ್ಲಿ ಮುಂದಿನ ಆಕ್ಸಲ್ಲನ್ನ ಸೇರಿಸೋ ಕೆಲಸ ಎಂಜಿನ್ನಿನ ವ್ಯಾಕ್ಯೂಮ್‌ನದು. ರಬ್ಬರ್ ಪೈಪಿನಲ್ಲಿ ಗಾಳಿ ಹೀರಿದ್ರೆ ಒಂದು ರಬ್ಬರ್ ಬುರುಡೆ ಕೇಬಲ್ಲನ್ನ ಎಳೆಯುತ್ತೆ. ಆ ಬುರುಡೆಯನ್ನ ಇಟ್ಟಿದ್ದು ಎಲ್ಲಿ ಅಂತೀರಿ? ಬ್ಯಾಟರಿ ಟ್ರೇ ಕೆಳಗೆ. ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿ ರಬ್ಬರ್ ತೂತಾದ್ರೆ ಫೋರ್ ವೀಲ್ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಮೇಲಿನ ವ್ಯಾಕ್ಯೂಮ್ ಸ್ವಿಚ್ ಸೋರಿದ್ರೆ ಒಳಗಿನ ಎಣ್ಣೆಯೇ ಪೈಪಿನಲ್ಲಿ ಮೇಲಕ್ಕೆ ಹೀರಿಕೊಂಡು ಹೋಗೋದು. ಮೆಕ್ಯಾನಿಕ್ಕುಗಳು ಗೇರ್ ಬಿಚ್ಚಿ ನೋಡಿದ್ರೆ ಗೇರು ಚೆನ್ನಾಗೇ ಇರೋದು.

1980ರ ದಶಕದ ನಡುವಿಂದ ಫೋರ್ಡ್ ಮುಂತಾದವರು ವ್ಯಾಕ್ಯೂಮ್ ಬಿಟ್ಟು ಟ್ರಾನ್ಸ್‌ಫರ್ ಕೇಸಿಗೆ ಸಣ್ಣ ಎಲೆಕ್ಟ್ರಿಕ್ ಮೋಟರ್ ಕೂರಿಸಿದ್ರು. ದೊಡ್ಡಪ್ಪನ ಕೈ ಮಾಡ್ತಿದ್ದ ಕೆಲಸ ಈಗ ಮೋಟರಿನದ್ದು. ಆದರೆ ಕೈಗೆ ರಾಡು ಎಲ್ಲಿದೆ ಅಂತ ಗೊತ್ತಿರುತ್ತೆ, ಮೋಟರಿಗೆ ಗೊತ್ತಿರಲ್ಲ. ಅದಕ್ಕೇ ಮೋಟರಿನ ಜೊತೆ ಒಂದು ಎನ್‌ಕೋಡರ್. ನಾಲ್ಕು ತಂತಿ, ಒಂದೊಂದೂ ಸೊನ್ನೆ ಅಥವಾ ಒಂದು. ಆ ನಾಲ್ಕು ಅಂಕಿ ಓದಿ ಕಂಪ್ಯೂಟರ್ ಈಗ ಗೇರು ಟೂ ಹೈನಲ್ಲಿದೆ, ಫೋರ್ ಲೋನಲ್ಲಿದೆ ಅಂತ ತೀರ್ಮಾನಿಸುತ್ತೆ. ಎನ್‌ಕೋಡರಿನ ಹಿತ್ತಾಳೆ ಪಟ್ಟಿಯ ಮೇಲೆ ಕೊಳೆ ಕೂತರೆ ಒಂದು ಸೊನ್ನೆಯಾಗುತ್ತೆ. ಗಾಡಿಯ ಗೇರು, ಚೈನು, ಶಾಫ್ಟು ಎಲ್ಲ ಗಟ್ಟಿಮುಟ್ಟಾಗಿದ್ದು, ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಫೋರ್ ವೀಲ್ ಡ್ರೈವ್ ಸರ್ವೀಸ್ ಮಾಡಿಸಿ ಅನ್ನೋ ದೀಪ. ಕಬ್ಬಿಣದ ಕಾಯಿಲೆ ಹೋಗಿ ಮಾಹಿತಿಯ ಕಾಯಿಲೆ ಬಂತು.

ನನ್ನ ಹೊಟ್ಟೆಪಾಡು ಇದೇ ಸೀಮೆಯದ್ದು. ಬೆಂಗಳೂರಿನಲ್ಲಿ ಕೂತು ಗೇರ್‌ಬಾಕ್ಸ್ ಕಂಟ್ರೋಲರುಗಳ ಕೋಡ್ ಟೆಸ್ಟ್ ಮಾಡ್ತೀನಿ. ಬೇಕಂತಲೇ ಒಂದು ತಂತಿ ಕಿತ್ತು, ಕೋಡ್ ಏನ್ಮಾಡುತ್ತೆ ನೋಡೋದು. ಸೆನ್ಸರಿನ ಜಾಗದಲ್ಲಿ ಸುಳ್ಳು ಅಂಕಿ ಕೊಟ್ಟು, ನಂಬುತ್ತೋ ಇಲ್ವೋ ನೋಡೋದು. ಅವ್ವನಿಗೆ ಇದನ್ನ ವಿವರಿಸಿದಾಗ "ಅಂದ್ರೆ ಹಾಳು ಮಾಡೋಕೆ ಸಂಬಳ ಕೊಡ್ತಾರೆ ಅನ್ನು" ಅಂದಿದ್ಳು. ಈ ಕೆಲಸದಲ್ಲಿ ಮೊದಲು ಕೇಳೋ ಪ್ರಶ್ನೆ ಒಂದೇ: ಏನೂ ಗೊತ್ತಾಗದೇ ಹೋದಾಗ ಎಲ್ಲಿ ನಿಲ್ಲಬೇಕು? 1989ರಲ್ಲಿ ಕ್ರೈಸ್ಲರ್ ಎ604 ಅನ್ನೋ ಎಲೆಕ್ಟ್ರಾನಿಕ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದಿತು. ಅದು ಕೆಡೋದ್ರಲ್ಲಿ ಹೆಸರು ಮಾಡಿತ್ತು. ಆದ್ರೆ ಕಂಪ್ಯೂಟರಿಗೆ ಅನುಮಾನ ಬಂದರೆ ಎಲ್ಲ ಕೈಬಿಟ್ಟು ಸೆಕೆಂಡ್ ಗೇರಲ್ಲಿ ನಿಲ್ತಿತ್ತು. ಕುಂಟುತ್ತಾ ಮನೆ ಸೇರಬಹುದು. ಗೇರ್‌ಬಾಕ್ಸಿಗೆ ಇದು ಒಳ್ಳೇ ಉತ್ತರ. ಟ್ರಾನ್ಸ್‌ಫರ್ ಕೇಸಿಗೆ?

ಅದಕ್ಕೆ ಮುಂಚೆ ಪಿ ಅಕ್ಷರದ ಕಥೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಪಾರ್ಕ್ ಹಾಕಿದ್ರೆ ಗೇರ್‌ಬಾಕ್ಸಿನೊಳಗೆ ಒಂದು ಹಲ್ಲಿನ ಚಕ್ರದ ಸಂದಿಗೆ ಬಾಗಿಲ ಅಗುಳಿಯಂಥ ಒಂದು ತುಂಡು ಬೀಳುತ್ತೆ. 1939ರಲ್ಲಿ ಜನರಲ್ ಮೋಟರ್ಸ್‌ನ ಹೈಡ್ರಾ-ಮ್ಯಾಟಿಕ್ ಬಂದಾಗ ಅದರಲ್ಲಿ ಪಿ ಇರಲೇ ಇಲ್ಲ. ಎಂಜಿನ್ ಆಫ್ ಮಾಡಿ ರಿವರ್ಸಿಗೆ ಹಾಕಿದ್ರೆ ಗಾಡಿ ಬೀಗ ಬೀಳೋದು. ಆಮೇಲೆ ಒಂದೊಂದು ಕಂಪನಿ ಒಂದೊಂದು ಕ್ರಮದಲ್ಲಿ ಅಕ್ಷರ ಜೋಡಿಸಿ ಗೊಂದಲವಾಗಿ, 1960ರ ದಶಕದ ಕೊನೆಗೆ ಅಮೆರಿಕ ಸರ್ಕಾರವೇ ರಿವರ್ಸಿಗೂ ಡ್ರೈವಿಗೂ ನಡುವೆ ನ್ಯೂಟ್ರಲ್ ಇರಲೇಬೇಕು ಅಂತ ನಿಯಮ ಮಾಡಿತು. ಅದಾದ ಮೇಲೂ ಫೋರ್ಡಿನ 1966ರಿಂದ 1980ರವರೆಗಿನ ಗಾಡಿಗಳಲ್ಲಿ ಒಂದು ದೂರು ಬೆಳೀತಾ ಹೋಯ್ತು: ಪಾರ್ಕಿನಲ್ಲಿ ಬಿಟ್ಟು ಎಂಜಿನ್ ಚಾಲೂ ಇಟ್ಟು ಇಳಿದ್ರೆ, ಪಿಗೂ ಆರ್‌ಗೂ ನಡುವೆ ಅರೆಬರೆ ನಿಂತಿದ್ದ ಲಿವರ್ ರಿವರ್ಸಿಗೆ ಜಾರೋದು. ಜನ ಸತ್ರು. 1980ರ ಕೊನೆಯಲ್ಲಿ ಸರ್ಕಾರಕ್ಕೂ ಕಂಪನಿಗೂ ಒಪ್ಪಂದ ಆಯ್ತು. ಏನಂತ? ಸುಮಾರು 2.3 ಕೋಟಿ ಗಾಡಿಗಳ ಮಾಲೀಕರಿಗೆ ಡ್ಯಾಶ್‌ಬೋರ್ಡಿಗೆ ಅಂಟಿಸೋ ಎಚ್ಚರಿಕೆಯ ಸ್ಟಿಕ್ಕರ್ ಕಳಿಸೋದು ಅಂತ. ಪಿ ಸರಿಯಾಗಿ ಹಾಕಿ, ಹ್ಯಾಂಡ್ ಬ್ರೇಕ್ ಎಳೀರಿ, ಎಂಜಿನ್ ಆಫ್ ಮಾಡಿ. ಕಬ್ಬಿಣದ ತಪ್ಪಿಗೆ ಕಾಗದದ ರಿಪೇರಿ. ನನಗೆ ಇದನ್ನ ಓದಿದಾಗ ಸಿಟ್ಟು ಬಂದಿತ್ತು, ಈಗಲೂ ಇದೆ.

ಈಗ ಎರಡೂ ಎಳೆ ಸೇರಿಸಿ. 2005ರಿಂದ 2010ರವರೆಗಿನ ಜೀಪ್ ಗ್ರ್ಯಾಂಡ್ ಚೆರೋಕಿ, 2006ರಿಂದ 2010ರವರೆಗಿನ ಜೀಪ್ ಕಮ್ಯಾಂಡರ್. ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಅದರ ಹಿಂದೆ ಮೋಟರಿನಿಂದ ನಡೆಯೋ ಟ್ರಾನ್ಸ್‌ಫರ್ ಕೇಸ್. ಅದರಲ್ಲೂ ಆ ಹಳೇ ನ್ಯೂಟ್ರಲ್ ಉಳಿದಿದೆ. ಗರಗಸ ಓಡಿಸೋಕೆ ಅಲ್ಲ. ದೊಡ್ಡ ಮೋಟರ್ ಹೋಮಿನ ಹಿಂದೆ ಜೀಪನ್ನ ನಾಲ್ಕೂ ಗಾಲಿ ನೆಲದಲ್ಲಿಟ್ಟು ಎಳ್ಕೊಂಡು ಹೋಗೋ ಅಮೆರಿಕದವರ ರಜಾ ಪದ್ಧತಿಗೆ. ತಪ್ಪಿ ಯಾರೂ ಒತ್ತಬಾರದು ಅಂತ ಬಟನ್ನನ್ನ ಒಳಕ್ಕೆ ತಗ್ಗಿಸಿಟ್ಟು, ಪೆನ್ನಿನ ಮೊನೆಯಿಂದ ಒತ್ತೋ ಹಾಗೆ ಮಾಡಿದ್ರು. ಮನುಷ್ಯನ ಬೆರಳಿನಿಂದ ಅದನ್ನ ಕಾಪಾಡಿದ್ರು. ಮೋಟರನ್ನ ಆಳೋ ಕಂಟ್ರೋಲ್ ಮಾಡ್ಯೂಲಿನ ಸರ್ಕ್ಯೂಟ್ ಬೋರ್ಡಿನಲ್ಲಿ ಬಿರುಕು ಬಿಟ್ಟರೆ ಅನ್ನೋದನ್ನ ಕಾಪಾಡಿರಲಿಲ್ಲ. ಬಿರುಕು ಬಿಟ್ಟ ಬೋರ್ಡು, ಯಾರೂ ಕೇಳದೇನೇ, ಟ್ರಾನ್ಸ್‌ಫರ್ ಕೇಸನ್ನ ನ್ಯೂಟ್ರಲ್ಲಿಗೆ ತಳ್ಳಬಹುದಿತ್ತು.

ತಳ್ಳಿದ್ರೆ ಏನಾಯ್ತು, ಲಿವರ್ ಪಿಯಲ್ಲಿದೆಯಲ್ಲ ಅನ್ಬಹುದು. ಇಲ್ಲಿದೆ ನೋಡಿ ವಿಷಯ. ಪಾರ್ಕಿನ ಅಗುಳಿ ಇರೋದು ಗೇರ್‌ಬಾಕ್ಸಿನೊಳಗೆ, ಅಂದ್ರೆ ಎರಡನೇ ನ್ಯೂಟ್ರಲ್ಲಿನ ಈಚೆ, ಎಂಜಿನ್ನಿನ ಕಡೆ. ಟ್ರಾನ್ಸ್‌ಫರ್ ಕೇಸ್ ಕಳಚಿಕೊಂಡ್ರೆ ಅಗುಳಿ ಹಿಡಿದಿರೋದು ಏನನ್ನ? ಗೇರ್‌ಬಾಕ್ಸನ್ನ ಮಾತ್ರ. ಗಾಲಿಗಳಿಗೆ ಅದರ ಸಂಬಂಧವೇ ಇಲ್ಲ. ಲಿವರ್ ಪಿಯಲ್ಲಿ ನಿಂತಿದೆ, ಗಾಡಿ ಇಳಿಜಾರಲ್ಲಿ ಹೊರಟಿದೆ. ಬೇರೆಯಾಗಿ ಗಾಲಿಗೆ ಹಿಡಿಯೋ ಪಾರ್ಕಿಂಗ್ ಬ್ರೇಕ್ ಇತ್ತು, ಹಾಕಿದ್ರೆ ನಿಲ್ತಿತ್ತು. ಆದರೆ ಪಿ ಅಂತ ಬರೆದಿರೋ ಗಾಡಿಯಲ್ಲಿ ಎಷ್ಟು ಜನ ಹಾಕ್ತಾರೆ? 1941ರ ಮೂರು ರಾಡಿನ ಗಾಡಿಯ ಬ್ರೇಕು ಈ ನ್ಯೂಟ್ರಲ್ಲಿನ ಆಚೆಗಿತ್ತು ಅಂತ ಹೇಳಿದ್ನಲ್ಲ, ಅದು ಇದಕ್ಕೆ.

2013ರ ಮೇ ತಿಂಗಳಲ್ಲಿ ಕ್ರೈಸ್ಲರ್ ಇವನ್ನ ವಾಪಸ್ ಕರೆಸಿತು. ಜಗತ್ತಿನಲ್ಲೆಲ್ಲ ಸೇರಿ ಸುಮಾರು 4.69 ಲಕ್ಷ ಗಾಡಿ, ಅದರಲ್ಲಿ ಅಮೆರಿಕದಲ್ಲೇ 2.95 ಲಕ್ಷ. ಕೊಟ್ಟ ಮದ್ದು: ಮಾಡ್ಯೂಲಿಗೆ ಹೊಸ ಸಾಫ್ಟ್‌ವೇರ್. ಬಿರುಕು ಬಿಟ್ಟ ತಾಮ್ರದ ಗೆರೆಯನ್ನ ಸಾಫ್ಟ್‌ವೇರ್ ಬೆಸೆಯೋಕಾಗಲ್ಲ. ಅದರ ಕೈಲಾಗೋದು ಅನುಮಾನ ಪಡೋದು ಮಾತ್ರ: ಬಂದ ಸುದ್ದಿಯಲ್ಲಿ ಏನೋ ಸರಿ ಇಲ್ಲ, ನಾನು ಅಲ್ಲಾಡೋದಿಲ್ಲ ಅಂತ. ಟ್ರಾನ್ಸ್‌ಫರ್ ಕೇಸಿಗೆ ಇದೇ ಸರಿಯಾದ ಉತ್ತರ, ಇದ್ದಲ್ಲೇ ಇರೋದು. ಆದರೆ ಅತಿಯಾಗಿ ಅನುಮಾನ ಪಡೋ ಕೋಡ್ ಬೇಕಾದಾಗಲೂ ಅಲ್ಲಾಡೋದಿಲ್ಲ. ರಿಪೇರಿ ಆದಮೇಲೆ ಫೋರ್ ಲೋ ಬೀಳ್ತಾನೇ ಇಲ್ಲ ಅಂತ ಮಾಲೀಕರಿಂದ ದೂರುಗಳು ಬಂದ್ವು. ಕೆಸರಿಗಾಗಿ ಜೀಪು ಕೊಂಡವನಿಗೆ ಕೆಸರಿನ ಗೇರೇ ಇಲ್ಲ. ಎರಡು ತಪ್ಪುಗಳಲ್ಲಿ ಇದು ಸಣ್ಣದು ಅಂತ ಟೆಸ್ಟ್ ಮಾಡೋನಾಗಿ ನಾನು ಹೇಳ್ತೀನಿ. ದುಡ್ಡು ಕೊಟ್ಟವರಿಗೆ ಹಾಗೆ ಹೇಳೋಕೆ ಧೈರ್ಯ ಬೇಕು.

ಮೂರು ವರ್ಷ ಕಳೀತು. ಈ ಸಲ ಟ್ರಾನ್ಸ್‌ಫರ್ ಕೇಸ್ ಅಲ್ಲ, ಲಿವರ್ರೇ. 2014 ಮತ್ತು 2015ರ ಗ್ರ್ಯಾಂಡ್ ಚೆರೋಕಿಯಲ್ಲಿ ಗೇರ್ ಲಿವರಿಗೂ ಗೇರ್‌ಬಾಕ್ಸಿಗೂ ಕೇಬಲ್ ಇಲ್ಲ, ಬರೀ ತಂತಿ. ಮುಂದಕ್ಕೆ ತಳ್ಳಿ ಬಿಟ್ರೆ ಲಿವರ್ ಕಂಪ್ಯೂಟರ್ ಗೇಮಿನ ಜಾಯ್‌ಸ್ಟಿಕ್ಕಿನ ಹಾಗೆ ನಡುವಿಗೇ ವಾಪಸ್ ಬರುತ್ತೆ. ಪಿ ಬಿತ್ತೋ ಆರ್ ಬಿತ್ತೋ ಅನ್ನೋದು ಸಣ್ಣ ದೀಪ ನೋಡಿ ತಿಳ್ಕೋಬೇಕು. ಇಲ್ಲಿ ಯಾವ ಬೋರ್ಡೂ ಬಿರುಕು ಬಿಟ್ಟಿರಲಿಲ್ಲ, ಕೋಡಿನಲ್ಲಿ ತಪ್ಪಿರಲಿಲ್ಲ. ಎಲ್ಲ ಬರೆದ ಹಾಗೇ ನಡೀತಿತ್ತು, ಜನ ಮಾತ್ರ ಪಾರ್ಕ್ ಹಾಕಿದೀವಿ ಅಂದ್ಕೊಂಡು ಇಳೀತಿದ್ರು. 2016ರ ಏಪ್ರಿಲ್‌ನಲ್ಲಿ ಇದೇ ಬಗೆಯ ಲಿವರಿದ್ದ ಬೇರೆ ಕಾರುಗಳನ್ನೂ ಸೇರಿಸಿ ಸುಮಾರು 11 ಲಕ್ಷ ಗಾಡಿಗಳ ರೀಕಾಲ್ ಘೋಷಣೆಯಾಯ್ತು. ಜೂನ್ 19ರಂದು ಲಾಸ್ ಏಂಜಲೀಸ್‌ನಲ್ಲಿ, ಸ್ಟಾರ್ ಟ್ರೆಕ್ ಸಿನಿಮಾಗಳ ನಟ, 27 ವರ್ಷದ ಆಂಟನ್ ಯೆಲ್ಚಿನ್, ತನ್ನ ಮನೆಯ ಇಳಿಜಾರು ದಾರಿಯಲ್ಲಿ ಹಿಂದಕ್ಕೆ ಉರುಳಿದ ತನ್ನದೇ ಗ್ರ್ಯಾಂಡ್ ಚೆರೋಕಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿ ತೀರಿಹೋದ. ಆ ಗಾಡಿ ರೀಕಾಲ್ ಪಟ್ಟಿಯಲ್ಲಿತ್ತು. ಸರಿಪಡಿಸೋ ಸಾಫ್ಟ್‌ವೇರ್ ಡೀಲರುಗಳ ಕೈ ಸೇರಿದ್ದು ಜೂನ್ ಕೊನೆಯಲ್ಲಿ.

ಆ ಸಾಫ್ಟ್‌ವೇರ್ ಮಾಡೋದಿಷ್ಟು: ಗಾಡಿ ನಿಂತಿದ್ದು, ಸೀಟ್ ಬೆಲ್ಟ್ ಬಿಚ್ಚಿ, ಡ್ರೈವರ್ ಬಾಗಿಲು ತೆಗೆದ್ರೆ, ತಾನೇ ಪಾರ್ಕಿಗೆ ಬೀಳುತ್ತೆ. ಇಳಿಯೋರನ್ನ ನಂಬದೆ ಬಾಗಿಲನ್ನ ನಂಬೋದು. ಕೆಲವೇ ಸಾಲಿನ ಕೋಡ್ ಇರಬೇಕು ಅದು. ಮೊದಲೇ ಯಾಕೆ ಇರಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಕಸುಬಿನವರೆಲ್ಲ ಹೇಳೋದು ಒಂದೇ, ರಿಕ್ವೈರ್‌ಮೆಂಟ್‌ನಲ್ಲಿ ಇರಲಿಲ್ಲ.

2016ರ ಮಾಡೆಲ್ಲಿಗೆ ಕಂಪನಿ ಲಿವರನ್ನೇ ಬದಲಾಯಿಸಿತು. ಕೆಳಗೆ ಈಗಲೂ ಕೇಬಲ್ ಇಲ್ಲ, ತಂತಿಯೇ. ಆದ್ರೆ ಪಿಗೆ ತಳ್ಳಿದ್ರೆ ಪಿಯಲ್ಲೇ ನಿಲ್ಲುತ್ತೆ. ಕತ್ತಲಲ್ಲಿ ಕೈಯಾಡಿಸಿದ್ರೂ ಎಲ್ಲಿದೆ ಅಂತ ಗೊತ್ತಾಗುತ್ತೆ.